ಸಮುದ್ರವಿಲ್ಲದ ಊರಿಗೆ ವಿಯೆಟ್ನಾಮಿಗರು ಬಂದದ್ದು ಹೇಗೆ?

ಸಂಪಾದಕರ ಉತ್ತರ:

ನಿಮ್ಮ ಪತ್ರ ತಲುಪಿತು ಸರ್. ಪ್ರಾಗ್‌ನಲ್ಲಿರುವ ಮಗಳ ಮನೆಗೆ ಹೋದಾಗ ಎಲ್ಲಿ ನೋಡಿದರೂ ವಿಯೆಟ್ನಾಮಿಗರ ದಿನಸಿ ಅಂಗಡಿ ಕಂಡು, "ದೋಣಿಯಲ್ಲಿ ಓಡಿಬಂದವರು ಸಮುದ್ರವೇ ಇಲ್ಲದ ದೇಶಕ್ಕೆ ಹೇಗೆ ಬಂದರು?" ಎಂದು ಕೇಳಿದ್ದೀರಿ. ಅವರೆಲ್ಲ ಒಗ್ಗಟ್ಟಾಗಿದ್ದಾರಾ ಅಂತಲೂ ಕೇಳಿದ್ದೀರಿ.

ದೋಣಿ ಹತ್ತಿದವರು ಬೇರೆ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ದೇಶ ಬಿಟ್ಟವರಲ್ಲಿ ದಕ್ಷಿಣದವರೇ ಜಾಸ್ತಿ. ಅಮೆರಿಕ, ಆಸ್ಟ್ರೇಲಿಯ, ಕೆನಡಾ, ಫ್ರಾನ್ಸ್ ಅಂತ ಹಂಚಿಹೋದರು. ಆದರೆ ಗೆದ್ದವರಿಗೂ ಹೊಟ್ಟೆಪಾಡು ಇತ್ತಲ್ವಾ? ಯುದ್ಧ ತಿಂದುಹಾಕಿದ ದೇಶದಲ್ಲಿ ಕೆಲಸವಿಲ್ಲ, ಅತ್ತ ಆಗ ಕಮ್ಯುನಿಸ್ಟರದೇ ಆಳ್ವಿಕೆಯಿದ್ದ ಚೆಕೊಸ್ಲೊವಾಕಿಯಾ (ಪ್ರಾಗ್ ಇದರದೇ ರಾಜಧಾನಿ), ಪೂರ್ವ ಜರ್ಮನಿಯ ಕಾರ್ಖಾನೆಗಳಲ್ಲಿ ಆಳು ಸಾಲದು. 1980ರಲ್ಲಿ ಸರ್ಕಾರಗಳೇ ಒಪ್ಪಂದ ಮಾಡಿಕೊಂಡು ಜನರನ್ನು ಗುತ್ತಿಗೆಯ ಮೇಲೆ ಕಳಿಸಿದವು.

ಸುಖವೇನೂ ಇರಲಿಲ್ಲ. ಪೂರ್ವ ಜರ್ಮನಿಯ ಹಾಸ್ಟೆಲ್‌ಗಳಲ್ಲಿ ತಲೆಗೆ 5 ಚದರ ಮೀಟರ್ ಜಾಗ. ಸಂಬಳದಲ್ಲಿ ಶೇ. 12 ವಿಯೆಟ್ನಾಂ ಸರ್ಕಾರಕ್ಕೆ ಮುರಿದುಕೊಳ್ಳುತ್ತಿದ್ದರು. ಹೆಂಗಸರು ಬಸುರಾದರೆ ಗರ್ಭ ತೆಗೆಸಬೇಕು, ಇಲ್ಲವೇ ವಾಪಸ್ ಹೊರಡಬೇಕು. ಆದರೂ ಪಾಳಿ ಮುಗಿಸಿ ಬಂದು ರೂಮಿನಲ್ಲೇ ಜೀನ್ಸ್ ಹೊಲಿದು ಮಾರಿ, ಆ ದುಡ್ಡಲ್ಲಿ ಮೊಪೆಡ್ಡು, ಹೊಲಿಗೆ ಮೆಷಿನ್ ಕೊಂಡು ಮರದ ಪೆಟ್ಟಿಗೆಯಲ್ಲಿ ತುಂಬಿ ಊರಿಗೆ ಕಳಿಸುತ್ತಿದ್ದರು, ಗಟ್ಟಿ ಜನ!

1989ರಲ್ಲಿ ಬರ್ಲಿನ್ ಗೋಡೆ ಬಿತ್ತು, ಆಮೇಲೆ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ಪೂರ್ವ ಜರ್ಮನಿಯಲ್ಲಿ ಆಗ ಸುಮಾರು 60 ಸಾವಿರ ಮಂದಿ ಇದ್ದರು. ಬಹಳಷ್ಟು ಜನರ ಕೈಗೆ 3,000 ಮಾರ್ಕ್, ವಿಮಾನದ ಟಿಕೆಟ್ ಕೊಟ್ಟು ಕಳಿಸಿದರು. ಉಳಿದವರ ಪಾಡು ಕೇಳಬೇಡಿ. 1992ರ ಆಗಸ್ಟ್‌ನಲ್ಲಿ ಪೂರ್ವ ಜರ್ಮನಿ ಕಡೆಯ ರೋಸ್ಟಾಕ್ ಊರಿನಲ್ಲಿ ನೂರಕ್ಕೂ ಹೆಚ್ಚು ವಿಯೆಟ್ನಾಮಿಗರಿದ್ದ ಕಟ್ಟಡಕ್ಕೆ ಗುಂಪು ಬೆಂಕಿ ಇಟ್ಟಿತು, ನೋಡಲು ಸೇರಿದವರು ಚಪ್ಪಾಳೆ ತಟ್ಟಿದರು, ಒಳಗಿದ್ದವರು ಮಾಳಿಗೆ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಬದುಕಿಕೊಂಡರು.

ಚೆಕ್‌ನಲ್ಲಿ ಉಳಿಯಬೇಕೆಂದವರಿಗೆ ಸುಲಭದ ದಾರಿ ಎಂದರೆ ವ್ಯಾಪಾರದ ಲೈಸೆನ್ಸ್. ಮೊದಲು ಜರ್ಮನ್ ಗಡಿಯ ಹತ್ತಿರ ಬಟ್ಟೆ, ಸಿಗರೇಟಿನ ಅಂಗಡಿ ಹಾಕಿದರು, ಆಮೇಲೆ ನೀವು ನೋಡಿದ ದಿನಸಿ ಅಂಗಡಿಗಳು ಬಂದವು. ಇವರಿಗೆಲ್ಲ ದೊಡ್ಡ ಮಾರುಕಟ್ಟೆ ಪ್ರಾಗ್‌ನ ಲಿಬುಶ್‌ನಲ್ಲಿರುವ ಸಾಪಾ. 2013ರಲ್ಲಿ ಸರ್ಕಾರ ಇವರನ್ನು ಅಲ್ಪಸಂಖ್ಯಾತ ಸಮುದಾಯ ಎಂದು ಒಪ್ಪಿಕೊಂಡಿತು.

ಇನ್ನು ಒಗ್ಗಟ್ಟು. ಬರ್ಲಿನ್ ನೋಡಿದರೆ ಗೊತ್ತಾಗುತ್ತೆ. ಪಶ್ಚಿಮ ಭಾಗಕ್ಕೆ ಬಂದದ್ದು ದೋಣಿಯವರು, ಪೂರ್ವಕ್ಕೆ ಗುತ್ತಿಗೆಯವರು. ದೋಣಿಯವರದು ಹಳೆಯ ದಕ್ಷಿಣ ವಿಯೆಟ್ನಾಂನ ಮೂರು ಕೆಂಪು ಗೆರೆಯ ಹಳದಿ ಬಾವುಟ, ಗುತ್ತಿಗೆಯವರದು ಈಗಿನ ವಿಯೆಟ್ನಾಂನ ಹಳದಿ ನಕ್ಷತ್ರದ ಕೆಂಪು ಬಾವುಟ. ಗೋಡೆ ಬಿದ್ದ ಮೇಲೂ ಹಿರಿಯರು ಪರಸ್ಪರ ಅನುಮಾನದಿಂದಲೇ ನೋಡಿದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಈ ಜಗಳ ಅಷ್ಟಾಗಿ ತಟ್ಟಿಲ್ಲ.