ಮಾತಿರುವ ಪಿಪಿಟಿ ಪಾಠ ಎಲ್ಲ ಮಕ್ಕಳಿಗೂ ಮುಟ್ಟಬೇಕಾದರೆ

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡಿ, ನನ್ನ ದನಿಯಲ್ಲೇ ವಿವರಣೆ ಸೇರಿಸಿ, ವಿಡಿಯೋ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ನಮ್ಮಲ್ಲಿ ಕಣ್ಣು ಕಾಣದ ಒಬ್ಬ ಹುಡುಗನಿದ್ದಾನೆ. ಅವನಿಗಾಗಿ ಎಲ್ಲ ಚಿತ್ರಗಳಿಗೂ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಎನ್ನುವ ವಿವರಣೆ ಬರೆದೆ. ಆದರೂ ಅವನ ಫೋನು ಅದನ್ನು ಓದುತ್ತಿಲ್ಲವಂತೆ. ಎಲ್ಲಿ ತಪ್ಪಾಗಿದೆ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ನೀವು ಬರೆದದ್ದರಲ್ಲಿ ತಪ್ಪೇನಿಲ್ಲ ಮೇಡಂ. ಅದು ವಿಡಿಯೋದೊಳಗೆ ಹೋಗಲೇ ಇಲ್ಲ, ಅಷ್ಟೆ. ಆಲ್ಟ್ ಟೆಕ್ಸ್ಟ್ ಇರುವುದು ಪಿಪಿಟಿ ಫೈಲಿನಲ್ಲಿ, ಚಿತ್ರದ ಜೊತೆ ಅಡಗಿಕೊಂಡು. ಆ ಫೈಲನ್ನು ಎಂಪಿ4 ಮಾಡಿದ ಕ್ಷಣ ಚಿತ್ರ, ಬಾಣ, ಅಕ್ಷರ ಎಲ್ಲವೂ ಸೇರಿ ಬರೀ ಬಣ್ಣದ ಚುಕ್ಕಿಗಳಾಗುತ್ತವೆ. ಸ್ಲೈಡಿನ ಮೇಲೆ ನೀವು ಟೈಪ್ ಮಾಡಿದ ತಲೆಬರಹವೂ ಅವನ ಫೋನಿನ ಟಾಕ್‌ಬ್ಯಾಕ್‌ಗೆ, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ, ಸಿಗುವುದಿಲ್ಲ. ವಿಡಿಯೋದಲ್ಲಿ ಅವನಿಗೆ ಉಳಿಯುವುದು ನಿಮ್ಮ ದನಿ ಮಾತ್ರ.

ಹಾಗಾಗಿ ಮೊದಲು ತಿದ್ದಬೇಕಾದದ್ದು ಮಾತನ್ನು. ಹೃದಯದ ಸ್ಲೈಡನ್ನೇ ತೆಗೆದುಕೊಳ್ಳಿ. ನಾವು ಸಾಮಾನ್ಯವಾಗಿ ಹೇಳುವುದು ಹೀಗೆ: “ನೋಡಿ ಮಕ್ಕಳೇ, ರಕ್ತ ಇಲ್ಲಿಂದ ಒಳಗೆ ಬರುತ್ತೆ, ಇಲ್ಲಿಗೆ ಇಳಿಯುತ್ತೆ, ಆಮೇಲೆ ಈ ಕಡೆಯಿಂದ ಹೊರಗೆ ಹೋಗುತ್ತೆ.” ಕಣ್ಣು ಮುಚ್ಚಿಕೊಂಡು ಇದನ್ನೊಮ್ಮೆ ಕೇಳಿ. ಇಲ್ಲಿ ಅಂದರೆ ಎಲ್ಲಿ? ಈ ಕಡೆ ಅಂದರೆ ಯಾವ ಕಡೆ? ಅದೇ ಮಾತನ್ನು ಹೀಗೆ ಹೇಳಬಹುದು: “ದೇಹದಿಂದ ಬಂದ ರಕ್ತ ಮೊದಲು ಬಲ ಹೃತ್ಕರ್ಣಕ್ಕೆ ಬರುತ್ತೆ. ಚಿತ್ರದಲ್ಲಿ ಅದು ಎಡಗಡೆ ಮೇಲಿನ ಕೋಣೆ, ಯಾಕಂದ್ರೆ ಹೃದಯ ನಮಗೆ ಎದುರಾಗಿದೆ. ಅಲ್ಲಿಂದ ಕೆಳಗಿನ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಕ್ಕೆ ಹೋಗುತ್ತೆ.” ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರು ಮಾಡುವುದೂ ಇದನ್ನೇ. ಹೀಗೆ ಹೇಳಿದರೆ ಕಣ್ಣು ಕಾಣುವ ಮಕ್ಕಳಿಗೂ ಲಾಭ. ಚಿತ್ರದ ಎಡಭಾಗ ಹೃದಯದ ಬಲಭಾಗ ಅನ್ನುವುದು ಎಷ್ಟೋ ಮಕ್ಕಳಿಗೆ ಪರೀಕ್ಷೆಯಲ್ಲೂ ಗೊಂದಲವೇ.

ಬಣ್ಣದ ವಿಷಯದಲ್ಲೂ ಎಚ್ಚರ ಇರಲಿ. “ಕೆಂಪು ಬಾಣ ನೋಡಿ” ಅಂದರೆ ಕಣ್ಣು ಕಾಣದವನಿಗೂ ಗೊತ್ತಾಗುವುದಿಲ್ಲ, ಕೆಂಪು-ಹಸಿರು ಬೇರೆ ಮಾಡಲಾಗದ ಮಗುವಿಗೂ ಗೊತ್ತಾಗುವುದಿಲ್ಲ. ಬಣ್ಣದ ಜೊತೆ ಹೆಸರನ್ನೂ ಹೇಳಿ: “ಮಹಾಪಧಮನಿಯ ಕೆಂಪು ಬಾಣ.”

ಎರಡನೆಯದು, ವಿಡಿಯೋ ಜೊತೆ ಪಿಪಿಟಿ ಫೈಲನ್ನೂ ಆ ಹುಡುಗನಿಗೆ ಕಳಿಸಿ. ನೀವು ಬರೆದ ಆಲ್ಟ್ ಟೆಕ್ಸ್ಟ್‌ಗೆ ಕೆಲಸ ಇರುವುದು ಅಲ್ಲೇ. ಆದರೆ ನಿಮ್ಮ ದನಿ ಸೇರಿದ ಫೈಲನ್ನು ಹಾಗೇ ಕಳಿಸಿದರೆ ಇನ್ನೊಂದು ತೊಂದರೆ ಇದೆ. ಸ್ಲೈಡ್ ತೆರೆದ ಕೂಡಲೇ ನೀವೂ ಮಾತಾಡುತ್ತೀರಿ, ಅವನ ಸ್ಕ್ರೀನ್ ರೀಡರ್ ಕೂಡ ಮಾತಾಡುತ್ತದೆ. ಎರಡೂ ಬೆರೆತು ಏನೂ ಕೇಳಿಸುವುದಿಲ್ಲ. ಅವನಿಗಾಗಿ ಒಂದು ನಕಲು ಮಾಡಿಕೊಳ್ಳಿ. ಅದರಲ್ಲಿ ಸ್ಲೈಡಿನ ಸ್ಪೀಕರ್ ಚಿಹ್ನೆಯನ್ನು ಆರಿಸಿ, ‘ಪ್ಲೇಬ್ಯಾಕ್’ನಲ್ಲಿ ‘ವೆನ್ ಕ್ಲಿಕ್ಡ್ ಆನ್’ ಎಂದು ಬದಲಿಸಿ. ‘ಸ್ಲೈಡ್ ಶೋ’ ವಿಭಾಗದಲ್ಲಿ ‘ಯೂಸ್ ಟೈಮಿಂಗ್ಸ್’ ಎದುರಿನ ಗುರುತು ತೆಗೆದುಬಿಡಿ. ಆಗ ಸ್ಲೈಡುಗಳು ತಾವಾಗಿ ಓಡುವುದಿಲ್ಲ. ಅವನು ನಿಧಾನವಾಗಿ ಓದಿಸಿಕೊಂಡು, ಬೇಕೆಂದಾಗ ನಿಮ್ಮ ದನಿ ಕೇಳಬಹುದು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎಲ್ಲರೂ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲೇ ಟೈಪ್ ಮಾಡುವುದು. ಸ್ಲೈಡಿನ ಕನ್ನಡ ಚೆನ್ನಾಗಿ ಕಾಣಿಸುತ್ತದೆ. ಆದರೆ ಆಲ್ಟ್ ಟೆಕ್ಸ್ಟ್ ಪೆಟ್ಟಿಗೆಯಲ್ಲಿ ಬರೆದರೆ ಏನೇನೋ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯಾಕೆ?
— ಇತಿಹಾಸ ಉಪನ್ಯಾಸಕರು, ತುಮಕೂರು

ಉತ್ತರ: ಸರ್, ನಿಮ್ಮ ಕಂಪ್ಯೂಟರಿನಲ್ಲಿ ನುಡಿ ಹಳೆಯ ಆಸ್ಕಿ ವಿಧಾನದಲ್ಲಿದೆ. ಅದರಲ್ಲಿ ಕಂಪ್ಯೂಟರು ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಅದರ ಮೇಲೆ ನುಡಿಯ ಫಾಂಟು ಕನ್ನಡದ ಆಕಾರ ತೋರಿಸುತ್ತದೆ. ಆಲ್ಟ್ ಟೆಕ್ಸ್ಟ್ ಪೆಟ್ಟಿಗೆಯಲ್ಲಿ ಫಾಂಟ್ ಬದಲಿಸಲು ಬರುವುದಿಲ್ಲ. ಹಾಗಾಗಿ ಒಳಗಿರುವುದು ಹೊರಗೆ ಕಾಣಿಸಿತು.

ನಿಜವಾಗಿ ಆ ಪೆಟ್ಟಿಗೆ ನಿಮಗೊಂದು ಉಪಕಾರವನ್ನೇ ಮಾಡಿದೆ. ಸ್ಲೈಡಿನಲ್ಲಿ ಚೆನ್ನಾಗಿ ಕಾಣುವ ಕನ್ನಡ ಕೂಡ ಸ್ಕ್ರೀನ್ ರೀಡರ್‌ಗೆ ಹೀಗೇ ಸಿಗುತ್ತಿದೆ. ಅದು ಆ ಕಲಸುಮೇಲೋಗರವನ್ನೇ ಓದುತ್ತದೆ. ಅಂದರೆ ಕಣ್ಣು ಕಾಣದ ವಿದ್ಯಾರ್ಥಿಗೆ ನಿಮ್ಮ ಪಾಠದ ಒಂದು ಪದವೂ ತಲುಪುತ್ತಿಲ್ಲ. ನಮ್ಮ ಶಾಲೆ, ಕಾಲೇಜು, ಕಚೇರಿಗಳಲ್ಲಿ ಇಂತಹ ಫೈಲುಗಳು ಇನ್ನೂ ರಾಶಿ ರಾಶಿ ಬಿದ್ದಿವೆ. ಆಲ್ಟ್ ಟೆಕ್ಸ್ಟ್, ಕ್ಯಾಪ್ಷನ್ (ಮಾತನ್ನು ಪರದೆಯ ಮೇಲೆ ತೋರಿಸುವ ಅಕ್ಷರ) ಎಲ್ಲದಕ್ಕಿಂತ ಮೊದಲು ಆಗಬೇಕಾದ ಕೆಲಸ, ಕನ್ನಡವನ್ನು ಕನ್ನಡವಾಗಿಯೇ ಇಟ್ಟುಕೊಳ್ಳುವ ಯೂನಿಕೋಡ್‌ಗೆ ಬದಲಾಗುವುದು ಅಂತ ನಾನು ಎಲ್ಲ ಕಡೆಯೂ ಹೇಳುತ್ತೇನೆ.

ಕೀಲಿಮಣೆ ಹೊಸದಾಗಿ ಕಲಿಯಬೇಕಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಬೆರಳಿನ ಅಭ್ಯಾಸ ಹಾಗೇ ಇರುತ್ತದೆ. ಫಾಂಟ್‌ಗೆ ನಿರ್ಮಲಾ ಯುಐ, ತುಂಗಾ, ನೋಟೋ ಸಾನ್ಸ್ ಕನ್ನಡ ಯಾವುದಾದರೂ ಆದೀತು. ಹಳೆಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬಹುದು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಎಡವಟ್ಟು ಆಗುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಆಲ್ಟ್ ಟೆಕ್ಸ್ಟ್ ಎಷ್ಟು ಉದ್ದ ಇರಬೇಕು? ಪವರ್‌ಪಾಯಿಂಟೇ ಬರೆದುಕೊಡುತ್ತದಲ್ಲ, ಅದು ಸಾಲದೇ?
— ಡಿ.ಇಡಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸಾಲದು. ಯಂತ್ರಕ್ಕೆ ಚಿತ್ರದಲ್ಲಿ ಏನಿದೆ ಎಂಬುದು ಸ್ವಲ್ಪ ಗೊತ್ತಾಗುತ್ತದೆ. ನೀವು ಅದನ್ನು ಯಾಕೆ ಹಾಕಿದ್ದೀರಿ ಎಂಬುದು ಗೊತ್ತಾಗುವುದಿಲ್ಲ.

ನಿಮ್ಮ ಜಿಲ್ಲೆಯ ಜೋಗದ ಚಿತ್ರವನ್ನೇ ನೋಡಿ. ‘ಬಂಡೆಗಳ ಮೇಲಿಂದ ಬೀಳುವ ಜಲಪಾತ’ ಎಂದು ಯಂತ್ರ ಬರೆಯಬಹುದು. ಭೂಗೋಳ ಪಾಠಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: ‘ಜೋಗ ಜಲಪಾತ. ಶರಾವತಿ ನಾಲ್ಕು ಕವಲಾಗಿ ಬಂಡೆಯ ಅಂಚಿನಿಂದ ನೇರ ಕೆಳಕ್ಕೆ ಬೀಳುತ್ತಿದೆ. ಎಡದಿಂದ ರಾಜಾ, ರೋರರ್, ರಾಕೆಟ್, ರಾಣಿ.’ ಅದೇ ಚಿತ್ರವನ್ನು ವಿಜ್ಞಾನದಲ್ಲಿ ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುವುದಕ್ಕೆ ಉದಾಹರಣೆಯಾಗಿ ಹಾಕಿದ್ದರೆ ನಾಲ್ಕು ಕವಲಿನ ಹೆಸರು ಬೇಡ: ‘ಜೋಗದಲ್ಲಿ ನದಿಯ ನೀರು ಸುಮಾರು 253 ಮೀಟರ್ ಎತ್ತರದಿಂದ ಕೆಳಗೆ ಬೀಳುತ್ತಿದೆ.’ ಚಿತ್ರ ಒಂದೇ, ಬರಹ ಎರಡು. ಒಂದೆರಡು ವಾಕ್ಯದಲ್ಲಿ ಮುಗಿಸಿ. ‘ಇದು ಒಂದು ಚಿತ್ರ’ ಎಂದು ಶುರು ಮಾಡಬೇಡಿ, ಚಿತ್ರ ಎನ್ನುವುದನ್ನು ಸ್ಕ್ರೀನ್ ರೀಡರ್ರೇ ಹೇಳಿರುತ್ತದೆ.

ಗ್ರಾಫ್ ಆದರೆ ಅದರಿಂದ ತಿಳಿಯಬೇಕಾದದ್ದನ್ನು ಆಲ್ಟ್ ಟೆಕ್ಸ್ಟ್‌ನಲ್ಲಿ ಹೇಳಿ, ಅಂಕಿಗಳನ್ನು ಸ್ಲೈಡಿನ ಕೆಳಗಿನ ನೋಟ್ಸ್ ಜಾಗದಲ್ಲಿ ಬರೆಯಿರಿ. ಮೂಲೆಯ ಹೂಬಳ್ಳಿ, ಅಂಚಿನ ಗೆರೆಗಳಿಗೆ ಏನೂ ಬೇಡ, ‘ಮಾರ್ಕ್ ಆಸ್ ಡೆಕೊರೇಟಿವ್’ ಒತ್ತಿಬಿಡಿ. ಸುಮ್ನೆ ಪ್ರತಿ ಸ್ಲೈಡಿನಲ್ಲೂ ‘ಹೂಬಳ್ಳಿ, ಹೂಬಳ್ಳಿ’ ಅಂತ ಕೇಳಿಸಿಕೊಳ್ಳುವುದು ಯಾರಿಗೂ ಇಷ್ಟವಾಗುವುದಿಲ್ಲ, ಅಲ್ವಾ?

ಪ್ರಶ್ನೆ: ಯೂಟ್ಯೂಬಿನಲ್ಲಿ ಕ್ಯಾಪ್ಷನ್ ಹಾಕಿದ್ದೇನೆ. ಆದರೆ ಅದೇ ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಕ್ಯಾಪ್ಷನ್ ಕಾಣುವುದಿಲ್ಲ. ಕಿವಿ ಕೇಳದ ಇಬ್ಬರು ಮಕ್ಕಳಿದ್ದಾರೆ. ದಾರಿ ಇದೆಯೇ?
— ಗಣಿತ ಶಿಕ್ಷಕರು, ವಿಜಯಪುರ ಜಿಲ್ಲೆ

ಉತ್ತರ: ಇದೆ ಸರ್. ಯೂಟ್ಯೂಬಿನ ಕ್ಯಾಪ್ಷನ್ ಬೇರೆಯೇ ಒಂದು ಪಠ್ಯ, ವಿಡಿಯೋದ ಭಾಗವಲ್ಲ. ವಾಟ್ಸಾಪಿಗೆ ಬರೀ ವಿಡಿಯೋ ಹೋಗುತ್ತದೆ, ಪಠ್ಯ ಹಿಂದೆಯೇ ಉಳಿಯುತ್ತದೆ. ನಿಮ್ಮ ಮಕ್ಕಳು ನೋಡುವುದು ವಾಟ್ಸಾಪಿನಲ್ಲೇ ಎಂದಾದರೆ ಅಕ್ಷರಗಳು ವಿಡಿಯೋದ ಮೇಲೆಯೇ ಮೂಡಿರಬೇಕು.

ಇದಕ್ಕೆ ಬೇರೆ ಆ್ಯಪ್ ಬೇಕಿಲ್ಲ, ಪವರ್‌ಪಾಯಿಂಟಿನಲ್ಲೇ ಮಾಡಬಹುದು. ಸ್ಲೈಡಿನ ಕೆಳಗಿನ ಪಟ್ಟಿಯನ್ನು ಮೊದಲಿಂದಲೇ ಖಾಲಿ ಬಿಡಿ. ನಿಮ್ಮ ಒಂದೊಂದು ವಾಕ್ಯಕ್ಕೂ ಅಲ್ಲೊಂದು ಪೆಟ್ಟಿಗೆ, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಪ್ರತಿ ಪೆಟ್ಟಿಗೆಗೂ ‘ಅಪಿಯರ್’ ಅನಿಮೇಷನ್ ಕೊಟ್ಟು, ಅದರ ಆಯ್ಕೆಗಳಲ್ಲಿ ‘ಹೈಡ್ ಆನ್ ನೆಕ್ಸ್ಟ್ ಮೌಸ್ ಕ್ಲಿಕ್’ ಇಟ್ಟರೆ ಹಿಂದಿನದು ಹೋಗಿ ಮುಂದಿನದು ಬರುತ್ತದೆ. ದನಿ ರೆಕಾರ್ಡ್ ಮಾಡುವಾಗ ವಾಕ್ಯಕ್ಕೊಂದು ಕ್ಲಿಕ್ ಮಾಡುತ್ತಾ ಹೋಗಿ. ಯಾವಾಗ ಕ್ಲಿಕ್ ಮಾಡಿದಿರಿ ಎನ್ನುವುದೂ ದನಿಯ ಜೊತೆ ದಾಖಲಾಗುತ್ತದೆ, ವಿಡಿಯೋದಲ್ಲಿ ಹಾಗೇ ಬರುತ್ತದೆ. ದೊಡ್ಡ ಅನುಕೂಲ ಏನೆಂದರೆ ಒತ್ತಕ್ಷರಗಳು ಒಡೆಯುವುದಿಲ್ಲ. ಕೆಲವು ವಿಡಿಯೋ ಎಡಿಟಿಂಗ್ ಆ್ಯಪ್‌ಗಳಲ್ಲಿ ಕನ್ನಡ ಚಿಂದಿಯಾಗುತ್ತದೆ. ಆ್ಯಪ್ ಬಳಸಲೇಬೇಕಾದರೆ ಮೊದಲು ‘ರಾಷ್ಟ್ರ’, ‘ಸ್ತ್ರೀ’, ‘ಜ್ಯೋತ್ಸ್ನೆ’ ಟೈಪ್ ಮಾಡಿ ನೋಡಿ.

ಈ ಪೆಟ್ಟಿಗೆಗಳಿರುವ ಫೈಲು ವಿಡಿಯೋ ಮಾಡುವುದಕ್ಕೆ ಮಾತ್ರ. ಕಣ್ಣು ಕಾಣದ ಮಕ್ಕಳಿಗೆ ಕಳಿಸುವ ಪಿಪಿಟಿಯಲ್ಲಿ ಇವು ಇರಬಾರದು, ಅವರಿಗೆ ಎಲ್ಲವನ್ನೂ ಎರಡೆರಡು ಸಲ ಕೇಳಿದಂತಾಗುತ್ತದೆ.

ವಾಕ್ಯ ಎಲ್ಲಿ ಕತ್ತರಿಸಬೇಕು ಎನ್ನುವುದು ಕನ್ನಡದಲ್ಲಿ ತುಂಬಾ ಮುಖ್ಯ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಇನ್ನೂ ಕೊನೆಗೆ. ಗಣಿತದ ಒಂದು ವಾಕ್ಯ: “ಈ ಎರಡು ಸರಳರೇಖೆಗಳು ಎಷ್ಟು ಮುಂದುವರಿಸಿದರೂ ಒಂದನ್ನೊಂದು ಸೇರೋದೇ ಇಲ್ಲ.” ಜಾಗ ಸಾಲದೆ ‘ಇಲ್ಲ’ ಮಾತ್ರ ಮುಂದಿನ ಕ್ಯಾಪ್ಷನ್‌ಗೆ ಹೋದರೆ, ಆ ಮಗು ಎರಡು ಮೂರು ಸೆಕೆಂಡು ತದ್ವಿರುದ್ಧವಾದದ್ದನ್ನು ಓದಿಕೊಂಡು ಕೂತಿರುತ್ತದೆ. ಮಧ್ಯೆ ವಿಡಿಯೋ ನಿಲ್ಲಿಸಿ ಟಿಪ್ಪಣಿ ಬರೆದುಕೊಂಡರಂತೂ ಮುಗಿಯಿತು. ‘ಎಷ್ಟು ಮುಂದುವರಿಸಿದರೂ’ ಅನ್ನುವಲ್ಲಿ ಕತ್ತರಿಸಿ, ‘ಒಂದನ್ನೊಂದು ಸೇರೋದೇ ಇಲ್ಲ’ ಎಂಬುದನ್ನು ಒಟ್ಟಿಗಿಡಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ.

ಇನ್ನು ಯೂಟ್ಯೂಬಿನ ಯಂತ್ರ ತಾನಾಗಿ ಬರೆದ ಕ್ಯಾಪ್ಷನ್ ಸಿಕ್ಕರೂ ತಿದ್ದದೆ ಬಿಡಬೇಡಿ. ‘ಹೃತ್ಕರ್ಣ’, ‘ಹೃತ್ಕುಕ್ಷಿ’ಯಂಥ ಪದಗಳಲ್ಲಿ ಒಂದಕ್ಕೆ ಇನ್ನೊಂದು ಬಂದರೆ ಪಾಠವೇ ತಲೆಕೆಳಗು. ಯೂಟ್ಯೂಬ್ ಸ್ಟುಡಿಯೋದ ‘ಸಬ್‌ಟೈಟಲ್ಸ್’ನಲ್ಲಿ ಕೈಯಾರೆ ಟೈಪ್ ಮಾಡುವ ಆಯ್ಕೆ ಇದೆ. ಟೈಪ್ ಮಾಡುವಾಗ ವಿಡಿಯೋ ತಾನಾಗಿ ನಿಲ್ಲುವಂತೆಯೂ ಇಟ್ಟುಕೊಳ್ಳಬಹುದು.

ಎಲ್ಲಕ್ಕಿಂತ ಸುಲಭದ್ದು, ನಿಮ್ಮ ಪೂರ್ತಿ ಮಾತನ್ನು ಪಠ್ಯವಾಗಿ ವಾಟ್ಸಾಪಿನಲ್ಲೇ ಹಾಕುವುದು. ರೆಕಾರ್ಡ್ ಮಾಡುವ ಮೊದಲೇ ನೋಟ್ಸ್ ಜಾಗದಲ್ಲಿ ಮಾತು ಬರೆದುಕೊಂಡಿದ್ದರೆ ಅದೇ ಕ್ಯಾಪ್ಷನ್, ಅದೇ ಪಠ್ಯ. ನೆಟ್‌ವರ್ಕ್ ಸಿಗದ ಹಳ್ಳಿಯ ಮಕ್ಕಳಿಗೂ ಅದು ತಲುಪುತ್ತದೆ. ಕಣ್ಣು, ಕಿವಿ ಎರಡೂ ಇಲ್ಲದ ಮಗು ಅದನ್ನು ಬ್ರೈಲ್ ಸಾಧನದಲ್ಲಿ ಬೆರಳಿನಿಂದ ಓದಬಹುದು.

ಪ್ರಶ್ನೆ: ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ. ಶಾಲೆಯವರು ವಿಡಿಯೋ ಪಾಠ ಕಳಿಸುತ್ತಾರೆ, ಕ್ಯಾಪ್ಷನ್ ಕೇಳಿದರೆ “ಒಬ್ಬಳಿಗಾಗಿ ಅಷ್ಟೆಲ್ಲ ಆಗಲ್ಲ” ಅನ್ನುತ್ತಾರೆ. ನಾವು ಕೇಳುವುದು ತಪ್ಪೇ?
— ತಂದೆ, ಬೆಂಗಳೂರು

ಉತ್ತರ: ಖಂಡಿತ ತಪ್ಪಲ್ಲ. ಅದು ನಿಮ್ಮ ಮಗಳ ಹಕ್ಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರ 42ನೇ ಸೆಕ್ಷನ್ ಎಲೆಕ್ಟ್ರಾನಿಕ್ ಮಾಧ್ಯಮಗಳು ಕ್ಯಾಪ್ಷನ್, ಸಂಜ್ಞಾ ಭಾಷೆ, ಚಿತ್ರದ ಮಾತಿನ ವಿವರಣೆ ಇವುಗಳ ಮೂಲಕ ಎಲ್ಲರಿಗೂ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಅನ್ನುತ್ತದೆ. 16 ಮತ್ತು 17ನೇ ಸೆಕ್ಷನ್‌ಗಳು ಶಾಲಾ ಶಿಕ್ಷಣದ ಬಗ್ಗೆಯೇ ಇವೆ.

ಆದರೂ ಮೊದಲು ಶಿಕ್ಷಕರ ಹತ್ತಿರ ಕೂತು ಮಾತಾಡಿ. ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ಈ ವಾರದಿಂದ ಪ್ರತಿ ವಿಡಿಯೋ ಜೊತೆ ಮಾತಿನ ಪಠ್ಯ ಕಳಿಸಿ ಎಂದು ಕೇಳಿ. ಅದಕ್ಕೆ ‘ಆಗಲ್ಲ’ ಅನ್ನುವ ಶಿಕ್ಷಕರು ಕಡಿಮೆ. ನಂತರ ಕ್ಯಾಪ್ಷನ್. ಲಿಖಿತ ಮನವಿಯ ಪ್ರತಿ ಇಟ್ಟುಕೊಳ್ಳಿ. ಏನೂ ಆಗದಿದ್ದರೆ ಇದೇ ಕಾಯ್ದೆಯಡಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ನಿಮ್ಮ ಮಗಳು ಸಂಜ್ಞಾ ಭಾಷೆಯಲ್ಲಿ ಬೆಳೆದವಳಾದರೆ ಕ್ಯಾಪ್ಷನ್ ಒಂದೇ ಸಾಲದು ಎನ್ನುವುದನ್ನೂ ಅವರಿಗೆ ಹೇಳಿ. ಕನ್ನಡ ಅವಳಿಗೆ ಎರಡನೇ ಭಾಷೆ. ಪಠ್ಯಪುಸ್ತಕಗಳನ್ನು ಭಾರತೀಯ ಸಂಜ್ಞಾ ಭಾಷೆಗೆ ತರಲು ಎನ್‌ಸಿಇಆರ್‌ಟಿ 2020ರಲ್ಲಿ ದೆಹಲಿಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡಿದೆ. ಆ ವಿಡಿಯೋಗಳನ್ನೂ ಶಾಲೆಯ ಪಾಠದ ಜೊತೆ ನೋಡಲಿ.

ಪ್ರಶ್ನೆ: ಎಲ್ಲ ಸರಿಯಾಗಿದೆಯೇ ಎಂದು ಕಳಿಸುವ ಮೊದಲು ಪರೀಕ್ಷಿಸುವುದು ಹೇಗೆ?
— ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ‘ರಿವ್ಯೂ’ ವಿಭಾಗದಲ್ಲಿ ‘ಚೆಕ್ ಆಕ್ಸೆಸಿಬಿಲಿಟಿ’ ಒತ್ತಿ. ಆಲ್ಟ್ ಟೆಕ್ಸ್ಟ್ ಇಲ್ಲದ ಚಿತ್ರ, ತಲೆಬರಹ ಇಲ್ಲದ ಸ್ಲೈಡ್ ಎಲ್ಲವನ್ನೂ ತೋರಿಸುತ್ತದೆ. ಆಮೇಲೆ ಎನ್‌ವಿಡಿಎ ಹಾಕಿಕೊಳ್ಳಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ ಉಚಿತ ಸ್ಕ್ರೀನ್ ರೀಡರ್ ಅದು. ಅವರಿಗೂ ಕಣ್ಣು ಕಾಣುವುದಿಲ್ಲ. ಕನ್ನಡವನ್ನೂ ಅದು ಓದುತ್ತದೆ. ಮಾನಿಟರ್ ಆಫ್ ಮಾಡಿ, ನಿಮ್ಮ ಪಾಠವನ್ನು ಮೊದಲಿಂದ ಕೊನೆವರೆಗೆ ಕೇಳಿ. ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬಂದರೆ ‘ಸೆಲೆಕ್ಷನ್ ಪೇನ್’ನಲ್ಲಿ ಕ್ರಮ ಬದಲಿಸಿ. ಅಲ್ಲಿ ಪಟ್ಟಿಯ ಕೆಳಗಿರುವುದನ್ನು ಮೊದಲು ಓದುತ್ತದೆ.

ಪವರ್‌ಪಾಯಿಂಟಿನ ತಪಾಸಣೆ ಒಂದನ್ನೇ ನಂಬಬೇಡಿ. ಹೃದಯದ ಚಿತ್ರಕ್ಕೆ ನೀವು ‘ಚಿತ್ರ 1’ ಎಂದು ಬರೆದಿದ್ದರೂ ಆಲ್ಟ್ ಟೆಕ್ಸ್ಟ್ ಇದೆ ಎಂದು ಅದು ಬಿಟ್ಟುಬಿಡುತ್ತದೆ. ಅದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ನಿಮ್ಮ ವಿದ್ಯಾರ್ಥಿಯನ್ನೇ ಕೇಳಿ.