ಗೆರೆಯೊಳಗೆ ಬಿದ್ದರೂ ಫೌಲ್! – ಸಾಫ್ಟ್‌ಬಾಲ್ ಪ್ರಶ್ನೋತ್ತರ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ಮಂಡ್ಯದಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಕ್ಕೆ ಅಂಪೈರ್ ಆಗಿದ್ದೆ. ಕೊನೆಯ ಇನ್ನಿಂಗ್ಸ್, ಮೂರನೇ ಬೇಸಿನಲ್ಲಿ (ರನ್ನಿಗಾಗಿ ಒಂದೊಂದಾಗಿ ಮುಟ್ಟುತ್ತ ಓಡುವ ಗುರುತುಗಳೇ ಬೇಸುಗಳು) ರನ್ನರ್. ಹೊಡೆದ ಚೆಂಡು ಗೆರೆಯೊಳಗೇ ಬಿದ್ದು, ಯಾರಿಗೂ ತಗಲದೆ, ಮೂರನೇ ಬೇಸ್ ತಲುಪುವ ಮೊದಲೇ ಹೊರಕ್ಕೆ ಉರುಳಿ ನಿಂತಿತು. ಫೌಲ್, ಅಂದರೆ ಗೆರೆಯಾಚೆಯ ಹೊಡೆತ, ರನ್ ಇಲ್ಲ ಎಂದು ಕೊಟ್ಟೆ. ‘ಒಳ್ಗೇ ಬಿತ್ತಲ್ಲ, ಕಣ್ ಕಾಣಕ್ಕಿಲ್ವಾ?’ ಎಂದು ಜನ ಒಳನುಗ್ಗಿ, ಚೆಂಡು ಬಿದ್ದ ಗುರುತು ತೋರಿಸಿದರು. ಸಂಘಟಕರೂ ‘ಗಲಾಟೆ ಯಾಕೆ, ಫೇರ್ (ಗೆರೆಯೊಳಗಿನ ಸರಿಯಾದ ಹೊಡೆತ) ಅಂದ್ಬಿಡಿ ಸಾರ್’ ಎಂದರು. ನಾನು ಒಪ್ಪಲಿಲ್ಲ. ಸರಿಯೇ?

ಉತ್ತರ: ಸರಿಯೇ ಮೇಷ್ಟ್ರೇ. ಆ ಗುರುತು ತೋರಿಸಿದವರಿಗೆ ಕಣ್ಣು ಚೆನ್ನಾಗಿಯೇ ಇದೆ, ರೂಲ್ ಗೊತ್ತಿಲ್ಲ ಅಷ್ಟೆ. ಬೇಸಿಗಿಂತ ಈಚೆ ನೆಲಕ್ಕೆ ಬಿದ್ದ ಚೆಂಡಿಗೆ ಬಿದ್ದ ಜಾಗ ಲೆಕ್ಕವಿಲ್ಲ. ಎಲ್ಲಿ ನಿಂತಿತು, ಇಲ್ಲವೇ ಬೇಸ್ ದಾಟುವಾಗ ಎಲ್ಲಿತ್ತು ಎನ್ನುವುದೇ ಲೆಕ್ಕ. ಬೇಸಿನಿಂದಾಚೆ ಹಾರಿ ಹೋಗಿ ಬಿದ್ದರೆ ಮಾತ್ರ ಮೊದಲು ಬಿದ್ದ ಜಾಗ ನೋಡುತ್ತೇವೆ. ಸುಣ್ಣದ ಗೆರೆ ಮೇಲಿದ್ದರೂ ಫೇರ್, ಬೇಸಿಗೆ ಬಡಿದರೂ ಫೇರ್. ನಮ್ಮ ಜನ ಕ್ರಿಕೆಟ್ ನೋಡಿ ಬೆಳೆದವರು. ಅಲ್ಲಿ ರನೌಟ್‌ಗೆ ಬ್ಯಾಟು ಗೆರೆ ಮೇಲಿದ್ದರೆ ಸಾಲದು, ದಾಟಿರಬೇಕು. ಆ ಲೆಕ್ಕ ಇಲ್ಲಿಗೂ ತರುತ್ತಾರೆ. ಮೈಸೂರಿನಲ್ಲಿ ನನ್ನ ಪಂದ್ಯಗಳಲ್ಲಂತೂ ಕೈಯಲ್ಲಿ ‘ಟಿ’ ಮಾಡಿ ರಿವ್ಯೂ ಕೇಳುವ ಮಹಾಶಯರಿದ್ದಾರೆ. ಎಲ್ಲಿಯ ಟಿವಿ, ಎಲ್ಲಿಯ ರಿವ್ಯೂ!

ಇನ್ನೊಂದು ಮಾತು. ಎರಡೂ ಕೈ ಮೇಲೆತ್ತಿ ಫೌಲ್ ಎಂದು ಕೂಗಿದ ಕ್ಷಣಕ್ಕೆ ಚೆಂಡು ಸತ್ತಂತೆ. ಕೂಗು ಕೇಳಿ ಫೀಲ್ಡರುಗಳು ನಿಂತುಬಿಟ್ಟಿರುತ್ತಾರೆ. ಆಮೇಲೆ ಫೇರ್ ಅಂದರೆ ಯಾರನ್ನು ಯಾವ ಬೇಸಿನಲ್ಲಿ ನಿಲ್ಲಿಸುತ್ತೀರಿ? ಅದಕ್ಕೇ ಫೌಲನ್ನು ಅವಸರದಲ್ಲಿ ಕೂಗಬಾರದು, ಚೆಂಡು ನಿಲ್ಲಲಿ. ಫೇರ್ ಆದರೆ ಕೂಗುವುದೇ ಬೇಡ, ಒಳಕ್ಕೆ ಕೈ ತೋರಿಸಿದರೆ ಸಾಕು.

ಜಗಳದ ವಿಷಯ. ಬಾಲು, ಸ್ಟ್ರೈಕು, ಸೇಫು, ಔಟು, ಫೇರು, ಫೌಲು – ಇವು ಅಂಪೈರ್ ಕಂಡದ್ದರ ತೀರ್ಮಾನ, ಇವುಗಳ ಮೇಲೆ ಪ್ರೊಟೆಸ್ಟ್ (ಅಧಿಕೃತ ಆಕ್ಷೇಪ) ನಡೆಯುವುದಿಲ್ಲ. ರೂಲನ್ನೇ ತಪ್ಪಾಗಿ ಹಚ್ಚಿದ್ದೀರಿ ಎಂದು ಕೋಚ್ ಹೇಳಿದರೆ ಅದು ಬೇರೆ. ಆದರೆ ಮುಂದಿನ ಪಿಚ್ (ಬ್ಯಾಟರ್‌ಗೆ ಹಾಕುವ ಎಸೆತ) ಹಾಕುವ ಮೊದಲೇ ಹೇಳಬೇಕು. ಆಗ ಜೊತೆ ಅಂಪೈರನ್ನು ಕರೆದು, ಜನರಿಂದ ದೂರ ಹೋಗಿ ಮಾತಾಡಿ. ಕೇಳಿಕೊಳ್ಳಬೇಕಾದದ್ದು ಕೋಚಿನ ಮಾತು ಮಾತ್ರ, ಅದೂ ಒಂದು ಸಲ. ‘ಬೇಸಿಗಿಂತ ಮೊದಲೇ ಹೊರಗೆ ನಿಂತಿತು’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಬ್ಯಾಟರ್ ಆಡುವ ಪ್ಲೇಟಿನ ಕಡೆ ನಡೆಯಿರಿ. ಮತ್ತೆ ಅದೇ ರಾಗ ಎಳೆದರೆ ಎಚ್ಚರಿಕೆ, ಆಮೇಲೆ ಹೊರಗೆ.

ಪ್ರೇಕ್ಷಕರ ಜೊತೆ ಮಾತ್ರ ದಮ್ಮಯ್ಯ, ಬಾಯಿ ಕೊಡಬೇಡಿ. ಬೇಲಿ ಹೊರಗಿನಿಂದ ಬೈದರೆ ಬೈಯಲಿ, ಬಿಸಿಲಲ್ಲಿ ಗಂಟಲು ಒಣಗಿದ ಮೇಲೆ ತಾವೇ ಸುಮ್ಮನಾಗುತ್ತಾರೆ. ಒಳಗೆ ಕಾಲಿಟ್ಟರೆ ಟೈಮ್ ಕೂಗಿ, ಮಕ್ಕಳನ್ನು ಬೆಂಚಿಗೆ ಕಳಿಸಿ, ಪಿಚರ್ ನಿಲ್ಲುವ ಜಾಗದ ಹಿಂದೆ ನಿಂತುಕೊಳ್ಳಿ. ಜನರನ್ನು ಆಚೆ ಹಾಕುವುದು ಸಂಘಟಕರ ಕೆಲಸ. ನಿಮಗೆ ‘ಫೇರ್ ಅಂದ್ಬಿಡಿ’ ಎಂದವರಿಗೇ ಆ ಕೆಲಸ ವಹಿಸಿ, ಅಲ್ಲಿಯವರೆಗೆ ಒಂದು ಪಿಚ್ಚೂ ಬೇಡ. ಆಡಲು ಒಲ್ಲೆನೆಂದು ತಂಡವೇ ಹಟ ಹಿಡಿದರೆ ಫರ್‌ಫೀಟ್, ಅಂದರೆ ಎದುರಾಳಿಗೇ ಗೆಲುವು, ಸ್ಕೋರು 7–0. ಹುಡುಗಿಯರ ಪಂದ್ಯದಲ್ಲಿ ಅದನ್ನು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಅಪ್ಪಂದಿರು ಕೂಗಾಡಿದ್ದಕ್ಕೆ ಮಕ್ಕಳೇಕೆ ಸೋಲಬೇಕು? ಆದರೆ ಕೋಚ್‌ಗೆ ಆ ರೂಲ್ ನೆನಪಿಸಿ. ತಮ್ಮ ಊರವರನ್ನು ಅವರೇ ಹೋಗಿ ಕೂರಿಸಿ ಬರುತ್ತಾರೆ.

ಪ್ರಶ್ನೆ: ಫೀಲ್ಡರ್ ಕ್ಯಾಚ್ ಕೈಬಿಟ್ಟಳು, ಆದರೂ ನನ್ನ ಮಗಳನ್ನು ಔಟ್ ಎಂದರು. ಮೊದಲ ಎರಡು ಬೇಸುಗಳಲ್ಲಿ ನಮ್ಮ ರನ್ನರುಗಳಿದ್ದರು, ಯಾರೂ ಔಟಾಗಿರಲಿಲ್ಲ. ಇದು ಮೋಸವಲ್ಲವೇ? – ಗೃಹಿಣಿ, ಮೈಸೂರು

ಉತ್ತರ: ಅಲ್ಲ ತಾಯಿ, ಅದು ಇನ್‌ಫೀಲ್ಡ್ ಫ್ಲೈ. ಇಬ್ಬರು ಔಟಾಗುವ ಮೊದಲು, ಮೊದಲೆರಡು ಬೇಸು ಅಥವಾ ಮೂರೂ ಬೇಸು ತುಂಬಿರುವಾಗ, ಒಳಗಿನ ಫೀಲ್ಡರ್ ಸಲೀಸಾಗಿ ಹಿಡಿಯಬಹುದಾದ ಎತ್ತರದ ಫೇರ್ ಹೊಡೆತಕ್ಕೆ ಬ್ಯಾಟರ್ ಔಟ್. ಚೆಂಡು ಕೈಗೆ ಸಿಗಲಿ, ಬಿಡಲಿ. ಈ ರೂಲ್ ಇರುವುದೇ ನಿಮ್ಮ ಮಗಳ ತಂಡವನ್ನು ಕಾಪಾಡಲಿಕ್ಕೆ. ಇಲ್ಲದಿದ್ದರೆ ಫೀಲ್ಡರ್ ಬೇಕಂತಲೇ ಚೆಂಡು ಬಿಟ್ಟು, ಕ್ಯಾಚ್ ಆಗುತ್ತದೆಂದು ಬೇಸಿನಲ್ಲೇ ನಿಂತಿದ್ದ ರನ್ನರುಗಳನ್ನು ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡುತ್ತಿದ್ದಳು. ಅಂಪೈರ್ ಚೆಂಡು ಮೇಲಿರುವಾಗಲೇ ಕೂಗಿದ್ದರೆ ನಿಮಗೂ ಗೊಂದಲವಾಗುತ್ತಿರಲಿಲ್ಲ.

ಪ್ರಶ್ನೆ: ಮೊದಲ ಬೇಸಿನಲ್ಲಿ ಚೆಂಡೂ ಕಾಲೂ ಒಟ್ಟಿಗೆ ಬಂದರೆ? – ಪದವಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಚೆಂಡು ಮೊದಲು ಬಂದರೆ ಔಟ್, ಇಲ್ಲದಿದ್ದರೆ ಇಲ್ಲ. ರೂಲ್ ಅಷ್ಟೇ ತಮ್ಮ. ಕಣ್ಣು ಬೇಸಿನ ಮೇಲಿರಲಿ, ಗ್ಲೌಸಿಗೆ ಚೆಂಡು ಬಡಿಯುವ ಸದ್ದಿಗೆ ಕಿವಿಗೊಡು. ಜನರ ಕೂಗಿಗೆ ಸದ್ದು ಕೇಳಿಸದಿದ್ದರೆ ಎರಡು ಹೆಜ್ಜೆ ಹಿಂದೆ ಸರಿ, ಕಾಲು–ಗ್ಲೌಸು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.