ಕನ್ಸಲ್ಟೆನ್ಸಿಯವರು ನನ್ನ ವಿದೇಶಿ ವಿಶ್ವವಿದ್ಯಾಲಯದ ಅರ್ಜಿಯನ್ನು ತಪ್ಪಾಗಿ ತುಂಬಿದ್ದಾರೆ. ಈಗ ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಊರು ಶಿರಸಿ, ಬಿಇ ಮುಗಿಸಿದ್ದು ಕಾರವಾರದಲ್ಲಿ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಎಂಎಸ್ಸಿಗೆ ಹುಬ್ಬಳ್ಳಿಯ ಕನ್ಸಲ್ಟೆನ್ಸಿಯವರು ಅರ್ಜಿ ತುಂಬಿ ಕಳಿಸಿದ್ದಾರೆ. ಆಫರ್ ಲೆಟರ್ ಬಂದ ಮೇಲೆ ನೋಡಿದರೆ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಇಲ್ಲ, ಹತ್ತಕ್ಕೆ 7.2 ಇದ್ದ ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ) ನಾಲ್ಕಕ್ಕೆ 3.4 ಆಗಿದೆ, ಎರಡು ಬ್ಯಾಕ್‌ಲಾಗ್ (ಮೊದಲ ಸಲಕ್ಕೆ ಪಾಸಾಗದ ವಿಷಯ) ಇದ್ದರೂ ‘ಇಲ್ಲ’ ಎಂದು ಹಾಕಿದ್ದಾರೆ. ಕೇಳಿದರೆ ‘ಅದನ್ನೆಲ್ಲ ಯಾರೂ ನೋಡೋದಿಲ್ಲ’ ಎನ್ನುತ್ತಿದ್ದಾರೆ.

ನೋಡುತ್ತಾರೆ. ನಿಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಂಕಪಟ್ಟಿಯಲ್ಲಿ ಪರೀಕ್ಷೆಯ ತಿಂಗಳು, ವರ್ಷ ಎರಡೂ ಇರುತ್ತವೆ. ಮೂರನೇ ಸೆಮಿಸ್ಟರಿನ ಒಂದು ವಿಷಯ ಮುಂದಿನ ವರ್ಷದ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಬ್ಯಾಕ್‌ಲಾಗ್ ಇತ್ತೆಂದು ಯಾರಿಗಾದರೂ ತಿಳಿಯುತ್ತದೆ. ಅರ್ಜಿಯ ಕೊನೆಯಲ್ಲಿ ‘ಮೇಲಿನದೆಲ್ಲ ನಿಜ’ ಎಂಬ ಘೋಷಣೆ ಇರುವುದು ನಿಮ್ಮ ಹೆಸರಿನಲ್ಲಿ, ಏಜೆಂಟಿನ ಹೆಸರಿನಲ್ಲಲ್ಲ. ಬ್ರಿಟನ್ನಿನ ವಲಸೆ ನಿಯಮಗಳ ಪ್ರಕಾರ, ಅರ್ಜಿದಾರರಿಗೆ ಗೊತ್ತಿಲ್ಲದೆ ಸೇರಿದ ಸುಳ್ಳು ಮಾಹಿತಿಯಿಂದಲೂ ವೀಸಾ ತಿರಸ್ಕೃತವಾಗಬಹುದು. ವಂಚನೆಯೆಂದು ತೀರ್ಮಾನವಾದರೆ ಸಾಮಾನ್ಯವಾಗಿ 10 ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಕೆನಡಾದಲ್ಲಿ ಇದಕ್ಕೆ 5 ವರ್ಷ. ವಿಶ್ವವಿದ್ಯಾಲಯದಿಂದ ಏಜೆಂಟಿಗೆ ಕಮಿಷನ್ ಸಿಗುವುದು ಹೆಚ್ಚಾಗಿ ನೀವು ಅಲ್ಲಿ ಸೇರಿ ಫೀ ಕಟ್ಟಿದ ಮೇಲೆ. ಆದ್ದರಿಂದ ‘ಸುಮ್ಮನಿರಿ’ ಎಂಬ ಅವರ ಸಲಹೆಯನ್ನು ಈ ಲೆಕ್ಕ ಇಟ್ಟುಕೊಂಡೇ ಕೇಳಿಸಿಕೊಳ್ಳಿ. ನಿಮಗಿನ್ನೂ ಸಿಎಎಸ್ (ವೀಸಾ ಅರ್ಜಿಗೆಂದು ವಿಶ್ವವಿದ್ಯಾಲಯ ಕೊಡುವ ಪ್ರವೇಶದ ದೃಢೀಕರಣ) ಬಂದಿಲ್ಲ, ವೀಸಾ ಅರ್ಜಿ ಹಾಕಿಲ್ಲ. ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಮೊದಲು ಅರ್ಜಿ ನಿಮ್ಮ ಕೈಗೆ ಬರಬೇಕು. ಎಷ್ಟೋ ಕಡೆ ಏಜೆಂಟರು ವಿದ್ಯಾರ್ಥಿಯ ಹೆಸರಿನಲ್ಲಿ ತಾವೇ ಒಂದು ಇಮೇಲ್ ತೆರೆದು ಅದರಿಂದ ಅರ್ಜಿ ಹಾಕಿರುತ್ತಾರೆ, ಪತ್ರಗಳೆಲ್ಲ ಅವರಿಗೇ ಹೋಗುತ್ತವೆ. ಲಾಗಿನ್, ಪಾಸ್‌ವರ್ಡ್, ಸಲ್ಲಿಸಿದ ಅರ್ಜಿಯ ಪಿಡಿಎಫ್, ಅಪ್‌ಲೋಡ್ ಮಾಡಿದ ಪ್ರತಿಯೊಂದು ಕಡತ ಬೇಕೆಂದು ಬರಹದಲ್ಲಿ ಕೇಳಿ. ಫೋನಿನಲ್ಲಿ ಮಾತಾಡಿದ್ದರೆ, ಆದ ಮಾತನ್ನು ಅದೇ ದಿನ ವಾಟ್ಸಾಪಿನಲ್ಲಿ ಅವರಿಗೇ ಬರೆದು ಕಳಿಸಿಡಿ. ಎರಡು ದಿನದಲ್ಲಿ ಕೊಡದಿದ್ದರೆ ಕಾಯಬೇಡಿ. ನಿಮ್ಮ ಸ್ವಂತ ಇಮೇಲಿನಿಂದ ನೇರ ಅಡ್ಮಿಷನ್ಸ್ ವಿಭಾಗಕ್ಕೆ ಬರೆಯಿರಿ: ಅರ್ಜಿ ಸಂಖ್ಯೆ, ಜನ್ಮದಿನಾಂಕ, ಪಾಸ್‌ಪೋರ್ಟಿನ ಮೊದಲ ಪುಟ ಲಗತ್ತಿಸಿ, ಸಂಪರ್ಕ ಇಮೇಲ್ ಬದಲಿಸಿ ಸಲ್ಲಿಸಿದ ಅರ್ಜಿಯ ಪ್ರತಿ ಕಳಿಸಿ ಎಂದು ಕೇಳಿ. ಏಜೆಂಟರನ್ನೇ ಬಿಡುವುದಿದ್ದರೆ ಅದನ್ನೂ ಅಲ್ಲೇ ತಿಳಿಸಿ, ಅದಕ್ಕೆ ಕೆಲವು ಕಡೆ ಬೇರೆ ಫಾರಂ ಇರುತ್ತದೆ. ಫೋನ್ ಮಾಡುವುದಾದರೆ ಅಲ್ಲಿ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30.

ಪಿಡಿಎಫ್ ಸಿಕ್ಕ ಮೇಲೆ ಮೂರು ತಪ್ಪನ್ನಷ್ಟೇ ಅಲ್ಲ, ಮೊದಲಿನಿಂದ ಕೊನೆಯವರೆಗೆ ಓದಿ. ನೀವು ಮಾಡದ ಕೆಲಸದ ಅನುಭವ ಸೇರಿದೆಯೇ, ಶಿಫಾರಸು ಪತ್ರಗಳು ನಿಜವಾಗಿ ನಿಮ್ಮ ಮೇಷ್ಟ್ರು ಬರೆದವೇ, ಎಸ್‌ಒಪಿ (ಈ ಕೋರ್ಸ್ ಏಕೆ ಬೇಕೆಂದು ವಿದ್ಯಾರ್ಥಿ ಬರೆಯುವ ಪತ್ರ) ನಿಮ್ಮದೇ ಬರಹವೇ ಎಂದು ನೋಡಿ. ಇಲ್ಲಿ ಸಿಗುವ ತಪ್ಪುಗಳು ಎರಡು ಬಗೆ, ಔಷಧವೂ ಬೇರೆ ಬೇರೆ.

ಹೆಸರಿನದು ಸುಲಭದ್ದು, ಆದರೆ ನಮ್ಮ ಜಿಲ್ಲೆಯವರಿಗೆ ತುಂಬ ಕಾಡುವಂಥದ್ದು. ಎಸ್‌ಎಸ್‌ಎಲ್‌ಸಿಯಲ್ಲಿ ‘ಗಣಪತಿ ಎಸ್ ಹೆಗಡೆ’, ಪಾಸ್‌ಪೋರ್ಟಿನಲ್ಲಿ ‘ಗಣಪತಿ ಸುಬ್ರಾಯ’ ಒಂದು ಸಾಲು, ‘ಹೆಗಡೆ’ ಇನ್ನೊಂದು ಸಾಲು. ಅರ್ಜಿಯಲ್ಲಿ ಯಾವಾಗಲೂ ಪಾಸ್‌ಪೋರ್ಟಿನ ಹೆಸರೇ ಇರಬೇಕು, ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿಯೂ ಅದೇ. ಅಂಕಪಟ್ಟಿಯ ಹೆಸರು ಬೇರೆಯಿದ್ದರೆ ‘ಎರಡೂ ಹೆಸರಿನವನು ಒಬ್ಬನೇ’ ಎಂದು ಇ-ಸ್ಟ್ಯಾಂಪ್ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿ. ಶಿರಸಿ ಕೋರ್ಟಿನ ಹತ್ತಿರವೇ ಆಗುವ ಕೆಲಸ.

ಸಿಜಿಪಿಎ ಮತ್ತು ಬ್ಯಾಕ್‌ಲಾಗ್ ಹಾಗಲ್ಲ. 7.2ನ್ನು ನೇರ ಅನುಪಾತದಲ್ಲಿ ಇಳಿಸಿದರೆ ನಾಲ್ಕಕ್ಕೆ 2.88 ಆಗುತ್ತದೆ, 3.4 ಅಲ್ಲ. ಪ್ರವೇಶ ನಿರ್ಧರಿಸುವವರ ಕಣ್ಣಿಗೆ ಇದು ಕೈತಪ್ಪಾಗಿ ಕಾಣುವುದಿಲ್ಲ, ಏರಿಸಿದಂತೆ ಕಾಣುತ್ತದೆ. ಸ್ವಂತ ಲೆಕ್ಕದ ಪರಿವರ್ತನೆಯೇ ಬೇಡ. ಹತ್ತಕ್ಕೆ 7.2 ಎಂದು ಇದ್ದದ್ದನ್ನು ಇದ್ದಂತೆ ಕೊಡಿ, ಭಾರತದ ಅಂಕಗಳಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಅವರದೇ ಕೋಷ್ಟಕ ಇರುತ್ತದೆ.

ಎಲ್ಲ ತಿದ್ದುಪಡಿಯನ್ನೂ ಒಂದೇ ಇಮೇಲಿನಲ್ಲಿ ಕಳಿಸಿ, ದಿನಕ್ಕೊಂದರಂತೆ ಬೇಡ. ವಿಷಯದ ಸಾಲಿನಲ್ಲಿಯೇ ಅರ್ಜಿ ಸಂಖ್ಯೆ ಇರಲಿ. ಒಳಗೆ ಪ್ರತಿ ತಪ್ಪಿಗೂ ಮೂರು ಸಂಗತಿ ಸಾಕು: ಅರ್ಜಿಯ ಯಾವ ಭಾಗ, ಅಲ್ಲಿ ಏನಿದೆ, ಸರಿಯಾದದ್ದು ಏನು. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಕಾಲೇಜಿನಿಂದ ಪಡೆದ ಬ್ಯಾಕ್‌ಲಾಗ್ ಪತ್ರ, ಅಫಿಡವಿಟ್ ಲಗತ್ತಿಸಿ. ಕಾರಣಕ್ಕೆ ಒಂದೇ ವಾಕ್ಯ: ಅರ್ಜಿಯನ್ನು ಏಜೆಂಟರು ತುಂಬಿದ್ದರು, ಕಳಿಸುವ ಮುಂಚೆ ನಾನು ಪರಿಶೀಲಿಸಲಿಲ್ಲ. ಏಜೆಂಟರ ಮೇಲಿನ ಸಿಟ್ಟನ್ನು ಅಲ್ಲಿ ಬರೆಯಬೇಡಿ, ಓದುವವರಿಗೆ ತಪ್ಪು ಹುಡುಕುವುದೇ ಕಷ್ಟವಾಗುತ್ತದೆ. ಕೊನೆಗೆ, ಕಡತ ತಿದ್ದಿದ್ದೇವೆ, ಆಫರ್ ಈಗಲೂ ಊರ್ಜಿತವಿದೆ ಎಂಬ ಲಿಖಿತ ಉತ್ತರ ಕೇಳಿ. ಆ ಉತ್ತರ ಬರುವ ತನಕ ಡಿಪಾಸಿಟ್ ಕಟ್ಟಬೇಡಿ. ಕಟ್ಟುವಾಗಲೂ ನೇರ ವಿಶ್ವವಿದ್ಯಾಲಯದ ಖಾತೆಗೆ.

ಆಫರ್ ಹೋಗಬಹುದೇ? ಹೋಗಬಹುದು. 7.2 ಮತ್ತು ಎರಡು ಬ್ಯಾಕ್‌ಲಾಗ್ ಅವರ ಮಿತಿಯೊಳಗಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಹೊರಗಿದ್ದರೆ ರದ್ದಾದೀತು. ಆದರೂ ಬರೆಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋದದ್ದು ಒಂದು ಆಫರ್ ಆಗಿರುತ್ತದೆ, ವೀಸಾ ದಾಖಲೆಯ ಮೇಲೆ ಕಲೆ ಬಿದ್ದಿರುವುದಿಲ್ಲ. ನಕಲಿ ಅನುಭವ ಪತ್ರವೋ ಶಿಫಾರಸು ಪತ್ರವೋ ಸಿಕ್ಕಿದರೆ ಮಾತ್ರ ತಿದ್ದಲು ಹೋಗದೆ, ಕಾರಣ ತಿಳಿಸಿ ಇಡೀ ಅರ್ಜಿಯನ್ನೇ ಹಿಂಪಡೆಯಿರಿ.

ಸಿಎಎಸ್ ಬಂದ ದಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕೋರ್ಸ್, ಆರಂಭ ಮತ್ತು ಮುಕ್ತಾಯದ ದಿನಾಂಕ, ಕಟ್ಟಿದ ಫೀ ಇಷ್ಟನ್ನೂ ಬೆರಳಿಟ್ಟು ಓದಿ. ಸಣ್ಣ ತಪ್ಪಿದ್ದರೆ ವಿಶ್ವವಿದ್ಯಾಲಯವು ಅದರ ಮೇಲೆ ಸ್ಪಾನ್ಸರ್ ನೋಟ್ (ತಿದ್ದುಪಡಿಯ ಟಿಪ್ಪಣಿ) ಸೇರಿಸಿ ಸರಿಪಡಿಸುತ್ತದೆ, ಹೊಸದು ಬೇಕಿಲ್ಲ. ಆದರೆ ಒಂದು ಸಿಎಎಸ್ ಒಂದೇ ವೀಸಾ ಅರ್ಜಿಗೆ ಬರುತ್ತದೆ, ಕೊಟ್ಟ ದಿನದಿಂದ 6 ತಿಂಗಳ ಒಳಗೆ ಬಳಸಬೇಕು. ಹೀಗಾಗಿ ನೋಟ್ ಬರುವ ಮುಂಚೆ ವೀಸಾ ಅರ್ಜಿ ಒತ್ತಬೇಡಿ. ವೀಸಾ ಫಾರಂ ನೀವೇ ತುಂಬಿ.

ಕನ್ಸಲ್ಟೆನ್ಸಿಗೆ ಕಟ್ಟಿದ ಹಣದ ಬಗ್ಗೆ: ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕೊಟ್ಟು 15 ದಿನ ಸಮಯ ಕೊಡಿ. ಬಗ್ಗದಿದ್ದರೆ ಹುಬ್ಬಳ್ಳಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ನಿಮಗೆ ಅದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವಿಲ್ಲ, ಗಡುವು 2 ವರ್ಷ. ರಸೀದಿ, ವಾಟ್ಸಾಪ್ ಸಂದೇಶ, ಆ ಪಿಡಿಎಫ್ ಮೂರನ್ನೂ ಈಗಲೇ ಬೇರೆ ಕಡೆ ಉಳಿಸಿಡಿ. ಏನು ಮಾಡಬೇಕೆಂದು ಮೊದಲು ಕೇಳಿಕೊಳ್ಳುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.